ಸಿನಿಮಾನೂ ಕಸುಬೇ, ಕೂಲಿ ಕೊಡಿ
ಹರದನಹಳ್ಳಿ ಕಂತುಗಳು – 14

ಫೋಟೋದಲ್ಲಿರೋದು ನಮ್ಮೂರಿನ ದಿವ್ಯಲಿಂಗೇಶ್ವರ ದೇವಸ್ಥಾನ. ಕಳೆದ ಭಾನುವಾರ ಬೆಳಿಗ್ಗೆ ತೆಗೆದಿದ್ದು. ತೆಗೀತಿರುವಾಗ್ಲೇ ನಮ್ಮ ಬೀದಿಯ ಅಕ್ಕ ಒಬ್ಬರು ಹತ್ರ ಬಂದು ಕೇಳಿದ್ರು, "ಅಲ್ಲ ಕನಪ್ಪ, ಮೂರ್ ವರ್ಸ ಸಿನ್ಮಾ ಕಾಲೇಜ್ಗ ಕಳುಸುದ್ರ ಕೆಲ್ಸ ಸಿಕ್ಕುದಾ?"

ಅವರ ಮಗನಿಗೆ ಈಗಷ್ಟೇ ಪಿಯುಸಿ ಮುಗಿದಿದೆ. ಕ್ಯಾಮೆರಾ ಹುಚ್ಚು. ಅಪ್ಪ ಐಟಿಐ ಅಂತಾರೆ, ಮಗ ಫಿಲ್ಮ್ ಸ್ಕೂಲ್ ಅಂತಾನೆ.

ಕೆಲಸ ಸಿಗುತ್ತೆ ಅಂದೆ. ಸಂಬಳ ಸಿಗುತ್ತಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದ ಮೇಲೆ ಅದೇ ಕೊರೀತಾ ಇದೆ. ಅದಕ್ಕೇ ಈ ಕಂತು. ಸ್ವಲ್ಪ ಉದ್ದ ಇದೆ, ಪುರುಸೊತ್ತಾದಾಗ ಓದಿ.

ನಮ್ಮ ಜಿಲ್ಲೇಲಿ ಈ ಮಾತು ಎತ್ತಿದ್ರೆ ಸಾಕು, ಯಾರಾದ್ರೂ ಒಬ್ಬರು ಹೇಳೇ ಹೇಳ್ತಾರೆ: "ಅಣ್ಣಾವ್ರು ಯಾವ ಫಿಲ್ಮ್ ಸ್ಕೂಲಿಗೆ ಹೋಗಿದ್ರು?" ಗಾಜನೂರು ಇಲ್ಲೇ ಪಕ್ಕದಲ್ಲಿದೆ, ತಮಿಳುನಾಡಿಗೆ ಸೇರಿದ್ರೂ ನಮ್ಮದೇ ಅನ್ಕೊಂಡಿದ್ದೀವಿ. ಸಿಂಗಾನಲ್ಲೂರು ಹೇಗೂ ನಮ್ಮ ಜಿಲ್ಲೇದೇ. ಆದ್ರೆ ಈ ಪ್ರಶ್ನೆ ಕೇಳೋರು ಒಂದು ಮರೀತಾರೆ. ರಾಜ್‌ಕುಮಾರ್ 1954ರಲ್ಲಿ ಬೇಡರ ಕಣ್ಣಪ್ಪ ಆಗೋ ಹೊತ್ತಿಗೆ ವರ್ಷಗಟ್ಟಲೆ ಕಂಪನಿ ನಾಟಕ ಆಡಿ ಬಂದಿದ್ರು. ಅಪ್ಪ ಪುಟ್ಟಸ್ವಾಮಯ್ಯನವರ ಜೊತೆ ಚಿಕ್ಕ ಹುಡುಗನಾಗಿದ್ದಾಗಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಹಾಡು, ಮಾತು, ಬಣ್ಣ, ನಿಲ್ಲೋದು, ನಡೆಯೋದು ಎಲ್ಲಾ ಅಲ್ಲೇ ಕಲಿತದ್ದು. ಅದು ಶಾಲೆ ಅಲ್ಲದೆ ಇನ್ನೇನು? ಎಂಥ ಶಾಲೆ ಅಂದ್ರೆ, ಕಲಿಯೋ ಹುಡುಗನಿಗೆ ಕಂಪನಿ ಮನೇಲೇ ಊಟ, ಅಲ್ಲೇ ವಾಸ. ಕ್ಯಾಂಪ್ ಎಲ್ಲಿಗೆ ಹೋದ್ರೆ ಅಲ್ಲಿಗೆ ಅನ್ನಾನೂ ಹೋಗ್ತಿತ್ತು.

ಇವತ್ತು ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋಗೋ ಹುಡುಗ ಹುಡುಗಿಯರಿಗೆ ಆ ಅನ್ನ ಇಲ್ಲ. ನನ್ನ ಪ್ರಕಾರ ಇರೋ ವ್ಯತ್ಯಾಸ ಇಷ್ಟೇ. ಪ್ರತಿಭೆ ವಿಷಯ ಆಮೇಲೆ.

(ಮುಂದುವರಿದದ್ದು, 2)

ಇನ್ನೊಂದು ಹಳೇ ಕತೆ ಹೇಳ್ತೀನಿ. 1943ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರಲ್ಲಿ ಒಂದು ಇನ್‌ಸ್ಟಿಟ್ಯೂಟ್ ಶುರು ಮಾಡ್ತು. ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್. ನಾವು ಎಸ್‌ಜೆ ಪಾಲಿಟೆಕ್ನಿಕ್ ಅಂತೀವಲ್ಲ, ಅದೇ. ಹೆಸರು ಗಮನಿಸಿ: ಆಕ್ಯುಪೇಷನಲ್. ಕಸುಬಿನ ಶಾಲೆ. ಅಲ್ಲಿ ಕ್ಯಾಮೆರಾ ಮತ್ತು ಸೌಂಡನ್ನ ಕಲೆ, ಗ್ಲಾಮರ್ ಅಂತ ಮೇಲಿಡದೆ, ಬೇರೆ ಕಸುಬುಗಳ ಸಾಲಲ್ಲೇ ಇಟ್ಟು ಕಲಿಸಿದ್ರು. 1946ರಲ್ಲಿ ಅಲ್ಲಿಂದ ಸಿನಿಮಾಟೋಗ್ರಫಿ ಡಿಪ್ಲೊಮಾ ತಗೊಂಡು ಹೊರಬಂದವರಲ್ಲಿ ಮೈಸೂರಿನ ವಿ.ಕೆ. ಮೂರ್ತಿ ಒಬ್ಬರು. ಬಾಂಬೆಗೆ ಹೋಗಿ ಗುರುದತ್ ಜೊತೆ 'ಪ್ಯಾಸಾ', 'ಕಾಗಜ್ ಕೆ ಫೂಲ್' ಮಾಡಿದ್ರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಗೋವಿಂದ ನಿಹಲಾನಿ ಕೂಡ ಇದೇ ಶಾಲೇಲಿ ಕ್ಯಾಮೆರಾ ಕಲಿತವರು. ಆ ವಿಭಾಗವೇ ಈಗ ಹೆಸರಘಟ್ಟದ ಸರ್ಕಾರಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಆಗಿದೆ. ಚಾಮರಾಜನಗರದಲ್ಲಿ ಎಷ್ಟು ಮೇಷ್ಟ್ರುಗಳಿಗೆ ಇದು ಗೊತ್ತು ಹೇಳಿ? ಎಸ್ಸೆಸ್ಸೆಲ್ಸಿ ಮುಗಿದ ಮಕ್ಕಳಿಗೆ ಇಂಥದ್ದೊಂದು ದಾರಿ ಇದೆ ಅಂತ ಯಾರೂ ಹೇಳಲ್ಲ.

ಸರಿ, ಕಸುಬು ಅಂದ್ರೆ ಕೂಲಿ ಇರಬೇಕಲ್ಲ. ಗಾರೆ ಕೆಲಸದವರನ್ನ ಕರೆದು "ಎಂಟು ತಿಂಗಳು ಗೋಡೆ ಕಟ್ಟು, ಎಕ್ಸ್‌ಪೀರಿಯನ್ಸ್ ಬರುತ್ತೆ" ಅಂತೀರಾ? ಕರಣೆ ಬಿಸಾಕಿ ಹೋಗ್ತಾರೆ.

ನನಗೆ ಹಾಗೆ ಅಂದ್ರು. ನಾನು ಬಿಸಾಕಲಿಲ್ಲ. ಒಂದು ಸಿನಿಮಾಕ್ಕೆ ಎಂಟು ತಿಂಗಳು ಅಸಿಸ್ಟೆಂಟ್ ಆಗಿದ್ದೆ. ಬೆಳಿಗ್ಗೆ ಐದಕ್ಕೆ ಲೊಕೇಶನ್‌ಗೆ ಹೋದ್ರೆ ರಾತ್ರಿ ಹನ್ನೊಂದಕ್ಕೆ ರೂಮು. ಬಾಟಾ ಇಲ್ಲ, ಬಸ್ ಚಾರ್ಜೂ ಇಲ್ಲ. ಟೈಟಲ್ ಕಾರ್ಡಲ್ಲಿ ಹೆಸರು ಹಾಕ್ತೀವಿ ಅಂದಿದ್ರು, ಅದೂ ಹಾಕಲಿಲ್ಲ. ಪಿಜಿ ಬಾಡಿಗೆ ತಿಂಗಳಿಗೆ ಏಳು ಸಾವಿರ ಊರಿಂದ ಬರ್ತಿತ್ತು. ಎಂಟನೇ ತಿಂಗಳು ಅಪ್ಪ ಫೋನಲ್ಲಿ ಏನೂ ಹೇಳಲಿಲ್ಲ, ಸುಮ್ನೆ "ಊಟ ಆಯ್ತಾ" ಅಂತ ಕೇಳಿದ್ರು. ಮಾರನೇ ದಿನ ಚಾಮರಾಜನಗರದ ಬಸ್ ಹತ್ತಿದೆ. ನನ್ನ ಜೊತೆ ಇದ್ದವರಲ್ಲಿ ಯಾರಿಗೆ ಬೆಂಗಳೂರಲ್ಲೇ ಸ್ವಂತ ಮನೆ ಇತ್ತೋ ಅವರು ಉಳ್ಕೊಂಡ್ರು. ನನಗಿಂತ ಚೆನ್ನಾಗಿ ಕೆಲಸ ಮಾಡ್ತಿದ್ದ ಗುಂಡ್ಲುಪೇಟೆ ಕಡೆಯ ಹುಡುಗಿ ನನಗಿಂತ ಮೊದಲೇ ವಾಪಸ್ ಹೋಗಿದ್ಲು.

ಈ ಫೀಲ್ಡಲ್ಲಿ ಯಾರು ಉಳೀತಾರೆ ಅನ್ನೋದನ್ನ ಬಾಡಿಗೆ ನಿರ್ಧಾರ ಮಾಡ್ತಿದೆ. ಆಮೇಲೆ ನಾವೇ ಬೇಜಾರು ಮಾಡ್ಕೋತೀವಿ, ನಮ್ಮ ಚಾಮರಾಜನಗರದ ಕನ್ನಡ ಸಿನಿಮಾಲಿ ಕಾಮಿಡಿಗೆ ಮಾತ್ರ ಬರುತ್ತೆ ಅಂತ. ಆ ಕನ್ನಡ ಆಡೋರು ಸೆಟ್ಟಲ್ಲಿ ಇದ್ರೆ ತಾನೆ!

(ಮುಂದುವರಿದದ್ದು, 3)

ಹಾಗಾದ್ರೆ ಫಿಲ್ಮ್ ಸ್ಕೂಲ್ ಬೇಡ್ವಾ? ಬೇಕು. ಆದ್ರೆ ಯಾಕೆ ಬೇಕು ಅನ್ನೋದು ಗೊತ್ತಿರಲಿ.

ಚಿದಾನಂದ ಎಸ್. ನಾಯ್ಕ್ ಹೆಸರು ಕೇಳಿರ್ತೀರಿ. ಡಾಕ್ಟರ್ ಓದಿದವರು, ಆಮೇಲೆ ಪುಣೆ ಎಫ್‌ಟಿಐಐನಲ್ಲಿ ಒಂದು ವರ್ಷದ ಟಿವಿ ಕೋರ್ಸ್ ಮಾಡಿದ್ರು. ಕೋರ್ಸಿನ ಕೊನೇಲಿ ನಾಲ್ಕೇ ದಿನದ ಶೂಟಿಂಗಲ್ಲಿ ಮಾಡಿದ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಅಜ್ಜಿಯೊಬ್ಬಳು ಹುಂಜ ಕದ್ದು ಹೋಗ್ತಾಳೆ, ಊರಿಗೆ ಬೆಳಗೇ ಆಗಲ್ಲ. ನಮ್ಮ ಅಜ್ಜಿಯರು ಹೇಳೋ ಥರದ ಕತೆ, ಕನ್ನಡದಲ್ಲೇ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಬಂತು. ಕಾನ್ ವಿಷಯ ಎಲ್ಲರೂ ಶೇರ್ ಮಾಡಿದ್ರು. ನಾನು ನೋಡಿದ್ದು ಬೇರೆ. ಕ್ಯಾಮೆರಾ, ಎಡಿಟಿಂಗ್, ಸೌಂಡ್ ಒಂದೊಂದಕ್ಕೆ ಜೊತೇಲಿ ಓದಿದವರೇ ಒಬ್ಬೊಬ್ಬರು ನಿಂತಿದ್ರು. ಶಾಲೆಯಿಂದ ಸಿಗೋ ದೊಡ್ಡ ಆಸ್ತಿ ಅದೇ. ಸರ್ಟಿಫಿಕೇಟನ್ನ ಸೆಟ್ಟಲ್ಲಿ ಯಾರೂ ಕೇಳಲ್ಲ.

ಉಲ್ಟಾ ಉದಾಹರಣೆನೂ ಇದೆ. ನಟೇಶ್ ಹೆಗಡೆ ಫಿಲ್ಮ್ ಸ್ಕೂಲಿಗೆ ಹೋದವರಲ್ಲ. ಉತ್ತರ ಕನ್ನಡದ ತಮ್ಮ ಊರಲ್ಲೇ, ತಮ್ಮ ಅಪ್ಪನನ್ನೇ ಮುಖ್ಯ ಪಾತ್ರಕ್ಕೆ ಹಾಕಿ 'ಪೆಡ್ರೊ' ಮಾಡಿದ್ರು, 2021ರಲ್ಲಿ ಬೂಸಾನ್‌ಗೆ ಹೋಯ್ತು. ರಾಮ್ ರೆಡ್ಡಿ ಪ್ರಾಗ್‌ನಲ್ಲಿ ಓದಿ ಬಂದು 'ತಿಥಿ' ಮಾಡಿದ್ದು ಮಂಡ್ಯದ ನೊದೆಕೊಪ್ಪಲಲ್ಲಿ. ಕತೆಗೆ ಕೈ ಜೋಡಿಸಿದ್ದು ಅದೇ ಊರಿನ ಈರೇಗೌಡ. ಓದಿ ಬರಲಿ, ಓದದೆ ಬರಲಿ, ಕೊನೆಗೆ ಊರೇ ಬೇಕಾಯ್ತು.

ಅದಕ್ಕೇ ಊರಿಗೆ ವಾಪಸ್ ಬಂದವರನ್ನ "ಸೋತು ಬಂದ" ಅನ್ನಬೇಡಿ. ನಾನೀಗ ಮದುವೆ, ನಾಮಕರಣ, ಜಾತ್ರೆ ಶೂಟ್ ಮಾಡ್ತೀನಿ. ಕತ್ತಲಲ್ಲಿ ಫೋಕಸ್ ಹಿಡಿಯೋದು, ಒಂದೇ ಟೇಕಲ್ಲಿ ಮುಗಿಸೋದು ಕಲಿತದ್ದು ಧಾರೆ ಮುಹೂರ್ತದಲ್ಲೇ. ಪುರೋಹಿತರು ಒನ್‌ಮೋರ್ ಕೊಡಲ್ಲ.

ಓದೋ ಮಕ್ಕಳಿಗೆ ಒಂದು ಮಾತು: ಎಲ್ಲರೂ ಡೈರೆಕ್ಷನ್ ಅಂತ ಮುಗಿಬೀಳಬೇಡಿ. ಸೌಂಡ್ ಕಲೀರಿ, ಎಡಿಟಿಂಗ್ ಕಲೀರಿ. ಡಬ್ಬಿಂಗ್, ಪಾಡ್‌ಕಾಸ್ಟ್, ನ್ಯೂಸ್ ಚಾನೆಲ್, ಎಲ್ಲಿ ಹೋದ್ರೂ ದಿನಗೂಲಿಯಾದ್ರೂ ಹುಟ್ಟುತ್ತೆ. ಕಂಸಾಳೆಯವರು, ನೀಲಗಾರರು ರಾತ್ರಿಯಿಡೀ ಹಾಡೋದನ್ನ ಸರಿಯಾದ ಮೈಕಲ್ಲಿ ರೆಕಾರ್ಡ್ ಮಾಡೋಕೆ ನಮ್ಮ ಭಾಷೆ ಗೊತ್ತಿರೋ ಸೌಂಡ್ ಇಂಜಿನಿಯರ್ ಬೇಕು. ಹೊರಗಿಂದ ಬಂದವರಿಗೆ ಎಲ್ಲಿ ಕಟ್ ಮಾಡಬೇಕು ಅನ್ನೋದೇ ತಿಳಿಯಲ್ಲ.

(ಕೊನೇ ಭಾಗ)

ಈಗ ಐಟಿಐ ಅಂತ ಹಟ ಹಿಡಿದಿರೋ ಅಪ್ಪನ ವಿಷಯಕ್ಕೆ ಬರ್ತೀನಿ. ಅವರ ಲೆಕ್ಕ ತಪ್ಪಲ್ಲ. ಫಿಟ್ಟರ್ ಓದಿ ನಂಜನಗೂಡಿನ ಫ್ಯಾಕ್ಟರಿಗೆ ಅಪ್ರೆಂಟಿಸ್ ಆಗಿ ಸೇರಿದ್ರೆ ಕಲಿಯೋ ಕಾಲಕ್ಕೂ ಸ್ಟೈಪೆಂಡ್ ಇದೆ. 1961ರ ಅಪ್ರೆಂಟಿಸ್ ಕಾಯ್ದೆನೇ ಇದೆ ಅದಕ್ಕೆ. ಕ್ಯಾಮೆರಾ ಅಸಿಸ್ಟೆಂಟ್ ಹುಡುಗನಿಗೆ ಅಂಥದ್ದೊಂದು ಇರಬೇಕು ಅಂತ ಯಾರಾದ್ರೂ ಕೇಳಿದ್ದೀವಾ?

ಕೇಳೋಕೆ ಇದೇ ಸಮಯ. 2025–26ರ ರಾಜ್ಯ ಬಜೆಟ್ಟಲ್ಲಿ ಮೈಸೂರಿಗೆ ಫಿಲ್ಮ್ ಸಿಟಿ ಘೋಷಣೆ ಆಗಿದೆ, 150 ಎಕರೆ, 500 ಕೋಟಿ. ನಂಜನಗೂಡು ತಾಲ್ಲೂಕಿನ ಹಿಮ್ಮಾವಿನ ಹೆಸರು ಈ ವಿಷಯದಲ್ಲಿ ಹತ್ತು ವರ್ಷದಿಂದ ಕೇಳ್ತಿದ್ದೀವಿ. ಅಲ್ಲೇ ಆದ್ರೆ ನಮಗೆ ಟ್ರೈನಲ್ಲಿ ಹೋಗಿ ಬರೋ ದೂರ, ಬಾಡಿಗೆ ಕೊಡೋದೇ ಬೇಡ. ಅಲ್ಲಿ ಶೂಟಿಂಗ್ ಮಾಡೋ ಪ್ರತಿ ಯೂನಿಟ್ಟೂ ಸಂಬಳ ಕೊಟ್ಟು ಇಬ್ಬರು ಟ್ರೈನಿಗಳನ್ನ ಇಟ್ಕೋಬೇಕು ಅಂತ ಕರಾರಲ್ಲೇ ಬರೀಲಿ. ಗೇಟ್ ಕಾಯೋ ಕೆಲಸ, ಕ್ಯಾಂಟೀನ್ ಕೆಲಸ ಸ್ಥಳೀಯರಿಗೆ ಕೊಟ್ವಿ ಅಂತ ಆಮೇಲೆ ಭಾಷಣ ಮಾಡೋದು ಬೇಡ. ನಿಮ್ಮ ಊರಿನ ಜನಪ್ರತಿನಿಧಿ ಸಿಕ್ಕಾಗ ಇದನ್ನ ಕೇಳಿ, ಸೆಲ್ಫಿ ಆಮೇಲೆ ತಗೊಳ್ಳಿ.

ಅಲ್ಲಿವರೆಗೂ ನಮ್ಮ ಕೈಲಾಗೋದು? ನಿಮ್ಮ ಮನೆ ಮದುವೆಗೆ ಪಕ್ಕದ ಮನೆ ಹುಡುಗ ಡ್ರೋನ್ ಹಾರಿಸಿದ್ರೆ "ನಮ್ಮೋನೇ ಅಲ್ವಾ" ಅಂತ ಊಟ ಹಾಕಿ ಕಳಿಸಬೇಡಿ. ನಾನೂ ಆ ತಪ್ಪು ಮಾಡಿದ್ದೀನಿ, ಲೈಟ್ ಹಿಡಿಯೋ ಹುಡುಗರಿಗೆ ಮೊದಲ ಎರಡು ಸೀಸನ್ ಬರೀ ಪೆಟ್ರೋಲ್ ದುಡ್ಡು ಕೊಟ್ಟಿದ್ದೆ. ಈಗ ಇಲ್ಲ.

ಅಕ್ಕನ ಮನೆಗೆ ನಿನ್ನೆ ಹೋಗಿದ್ದೆ. ಕಳ್ಸಿ ಅಂದೆ, ಸೌಂಡ್ ಇಲ್ಲ ಕ್ಯಾಮೆರಾ, ಸರ್ಕಾರಿ ಶಾಲೇಲಿ ಸೀಟು ಸಿಕ್ಕುತ್ತಾ ಮೊದಲು ನೋಡಿ ಅಂದೆ. ಮುಂದಿನ ತಿಂಗಳು ಚಾಮರಾಜನಗರದಲ್ಲಿ ಎರಡು ದಿನದ ಮದುವೆ ಇದೆ, ಅದಕ್ಕೆ ಹುಡುಗನನ್ನ ಕರೆದಿದ್ದೀನಿ. ದಿನಕ್ಕೆ ಎಂಟ್ನೂರು.

"ಕಲಿಯಾಕೂ ಕಾಸ್ ಕೊಟ್ಟರಾ?" ಅಂದ್ರು ಅಕ್ಕ. ಹ್ಞೂಂ ಅಂದೆ.

ಈ ಫೀಲ್ಡಲ್ಲಿ ನಿಮ್ಮ ಮೊದಲ ಸಂಬಳ ಎಷ್ಟು, ಎಷ್ಟು ತಿಂಗಳಾದ ಮೇಲೆ ಬಂತು? ಕಾಮೆಂಟಲ್ಲಿ ಬರೀರಿ. ಸಿನಿಮಾದ ಹೆಸರು, ಯಾರ ಹೆಸರೂ ಬೇಡ, ಬರೀ ದುಡ್ಡು ಮತ್ತು ತಿಂಗಳು ಸಾಕು.

#ಹರದನಹಳ್ಳಿ #ಚಾಮರಾಜನಗರ #ಗುಂಡ್ಲುಪೇಟೆ #ಕನ್ನಡಸಿನಿಮಾ