ಓಲೆಗರಿ ಓದುವವರಿಗೊಂದು ಹುದ್ದೆ ಬೇಕು

ವಿಶ್ವವಿದ್ಯಾನಿಲಯಗಳ ನೇಮಕಾತಿ ಪ್ರಕಟಣೆ ಹೊರಬಿದ್ದಾಗಲೆಲ್ಲ ಕನ್ನಡ ಎಂ.ಎ. ಮುಗಿಸಿದವರು ಮೊದಲು ನೋಡುವುದು ಸಹಾಯಕ ಪ್ರಾಧ್ಯಾಪಕರ ಹುದ್ದೆಗಳೆಷ್ಟು ಎಂಬುದನ್ನು. ಆ ಕಾತರ ಸಹಜವಾದುದೇ. ಆದರೆ ಹಳಗನ್ನಡ, ಪ್ರಾಕೃತ ಹಾಗೂ ಜೈನಸಾಹಿತ್ಯಗಳ ಅಧ್ಯಯನವು ಬೋಧಕ ಹುದ್ದೆಗಳಿಂದಷ್ಟೇ ಉಳಿಯಲಾರದು. ಹಸ್ತಪ್ರತಿಯನ್ನು ಓದಿ, ಪಾಠಾಂತರಗಳನ್ನು ತೂಗಿ, ಗ್ರಂಥವನ್ನು ಸಂಪಾದಿಸುವವರಿಗೂ ಖಾಯಂ ಹುದ್ದೆ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಚರಿತ್ರೆಯೇ ಇದಕ್ಕೆ ಸಾಕ್ಷಿ. ಬಿ.ಎಲ್. ರೈಸ್ ಅವರು ಸರ್ಕಾರಿ ಸೇವೆಯಲ್ಲಿದ್ದು ಶಾಸನಸಂಪುಟಗಳನ್ನು ಹೊರತಂದರು. ನಮ್ಮ ತುಮಕೂರು ಜಿಲ್ಲೆಯ ಶಾಸನಗಳು 1904ರ ಹನ್ನೆರಡನೆಯ ಸಂಪುಟದಲ್ಲಿವೆ. 1891ರಲ್ಲಿ ಸ್ಥಾಪನೆಗೊಂಡ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಓಲೆಗರಿಯಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಕೊಲ್ಲಾಪುರದಲ್ಲಿ ಅರ್ಧಮಾಗಧಿ ಬೋಧಿಸಿ ನಿವೃತ್ತರಾಗಿದ್ದ ಆ.ನೇ. ಉಪಾಧ್ಯೆಯವರನ್ನು ಮೈಸೂರು ವಿಶ್ವವಿದ್ಯಾನಿಲಯವು 1971ರಲ್ಲಿ ಜೈನಶಾಸ್ತ್ರ ಮತ್ತು ಪ್ರಾಕೃತ ಪೀಠಕ್ಕೆ ಬರಮಾಡಿಕೊಂಡಿತು. ಇವರೆಲ್ಲರೂ ಪ್ರತಿಭಾವಂತರು, ನಿಜ. ಆದರೆ ಆ ಪ್ರತಿಭೆಗೆ ನೆಲೆಯೂ ವೇತನವೂ ದೊರೆತಿದ್ದವು ಎಂಬುದನ್ನು ಮರೆಯಲಾಗದು.

ಇಂದಿನ ಸ್ಥಿತಿಯೇನು? ಕಿರಿಯ ಸಂಶೋಧನಾ ವೇತನ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಎರಡು ವರ್ಷಗಳ ಬಳಿಕ 42,000 ರೂಪಾಯಿ. ಅಭ್ಯರ್ಥಿಗೆ ಇದು ದೊಡ್ಡ ಆಸರೆ. ಆದರೆ ಐದು ವರ್ಷಗಳಿಗೆ ಅದು ಮುಗಿಯುತ್ತದೆ. ಅಷ್ಟರಲ್ಲಿ ಲಿಪಿ ಕೈವಶವಾಗಿ, ಛಂದಸ್ಸು ಕಿವಿಗೆ ಹತ್ತಿ, ಪ್ರಾಕೃತ ಆಕರಗಳು ಪರಿಚಯವಾಗಿರುತ್ತವೆ. ನಿಜವಾದ ಕೆಲಸ ಆರಂಭವಾಗಬೇಕಾದ ಆ ಹೊತ್ತಿಗೆ ಸಂಶೋಧಕ ಅತಿಥಿ ಉಪನ್ಯಾಸಕನಾಗಿ ಊರೂರು ಅಲೆಯತೊಡಗುತ್ತಾನೆ. ನಮ್ಮ ಮಾಯಸಂದ್ರದ ಸೀಮೆಯಲ್ಲಿ ತೆಂಗಿನ ಸಸಿ ನೆಟ್ಟವರು ಫಲಕ್ಕಾಗಿ ಆರೇಳು ವರ್ಷ ಕಾಯುತ್ತಾರೆ. ಐದನೆಯ ವರ್ಷಕ್ಕೆ ನೀರು ನಿಲ್ಲಿಸುವುದಿಲ್ಲ.

ಎಲ್ಲವೂ ಡಿಜಿಟಲೀಕರಣಗೊಳ್ಳುತ್ತಿರುವಾಗ ಇಂಥ ಹುದ್ದೆಯೇಕೆ ಎಂದು ಕೆಲವರು ಕೇಳಬಹುದು. 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಜ್ಞಾನ ಭಾರತಂ ಯೋಜನೆಯ ಗುರಿ ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳು. ಸ್ವಾಗತಾರ್ಹವೇ. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಗ್ರಂಥವನ್ನು ಓದಿದಂತಾಗುವುದಿಲ್ಲ. ಲಿಪಿಕಾರನ ತಪ್ಪಾವುದು, ಕವಿಯ ಪ್ರಯೋಗವಾವುದು ಎಂದು ನಿರ್ಣಯಿಸಲು ಹಳಗನ್ನಡ ಬಲ್ಲ ವಿದ್ವಾಂಸನೇ ಬೇಕು. 2008ರಲ್ಲಿ ಕನ್ನಡಕ್ಕೆ, 2024ರಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತಿದೆ. ಆ ಮನ್ನಣೆ ಹುದ್ದೆಗಳ ರೂಪದಲ್ಲಿಯೂ ಕಾಣಿಸಿಕೊಳ್ಳಬೇಡವೇ?

ಕೇಳುವುದು ಹೆಚ್ಚೇನಲ್ಲ. ಹಸ್ತಪ್ರತಿ ಸಂಗ್ರಹವಿರುವ ಪ್ರತಿಯೊಂದು ವಿಶ್ವವಿದ್ಯಾನಿಲಯದಲ್ಲಿ ಕನಿಷ್ಠ ಒಬ್ಬ ಖಾಯಂ ಗ್ರಂಥಸಂಪಾದಕರಿರಲಿ. ಬಡ್ತಿಯ ಅಂಕಗಳನ್ನು ಎಣಿಸುವಾಗ, ವರ್ಷಗಟ್ಟಲೆ ಶ್ರಮಿಸಿ ಸಿದ್ಧಪಡಿಸಿದ ಒಂದು ಶುದ್ಧ ಪಾಠವು ನಾಲ್ಕು ಪುಟದ ಲೇಖನಕ್ಕಿಂತ ಕಡಿಮೆ ಬೆಲೆಯದಾಗದಿರಲಿ.

ಸಂಶೋಧನಾರ್ಥಿಗಳಿಗೂ ಒಂದು ಮಾತು. ವಿಷಯವನ್ನು ಆರಿಸಿಕೊಳ್ಳುವಾಗ ಮುದ್ರಿತ ಪುಸ್ತಕಗಳ ಪುನರ್ವಿಮರ್ಶೆಗಷ್ಟೇ ತೃಪ್ತರಾಗಬೇಡಿ. ಒಂದು ಹಳೆಯ ಲಿಪಿಯನ್ನಾದರೂ ಕಲಿಯಿರಿ, ಪ್ರಾಕೃತದ ಅಭ್ಯಾಸ ಮಾಡಿರಿ. ಹುದ್ದೆ ಬಂದಾಗ ಅದಕ್ಕೆ ಅರ್ಹರಿಲ್ಲವೆಂಬ ನೆಪ ಆಡಳಿತಕ್ಕೆ ದೊರೆಯಬಾರದು.