ಅಂಚೆ ವೆಚ್ಚ ಪ್ರತ್ಯೇಕ

ಓದಿ ಮುಗಿಸಿದ ಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ಮಾರುವವರು ಪುಸ್ತಕದ ಫೋಟೊ ಕೆಳಗೆ ಎರಡು ಮಾತು ಬರೆದಿರುತ್ತಾರೆ: ಬೆಲೆ ಇಷ್ಟು, ಅಂಚೆ ವೆಚ್ಚ ಪ್ರತ್ಯೇಕ. ತಕರಾರು ಹೆಚ್ಚಾಗಿ ಹುಟ್ಟುವುದು ಎರಡನೆಯ ಮಾತಿನಿಂದ. ಅರವತ್ತು ರೂಪಾಯಿಯ ಪುಸ್ತಕಕ್ಕೆ ಎಪ್ಪತ್ತು ರೂಪಾಯಿ ಅಂಚೆ ವೆಚ್ಚ ಕೇಳುವುದು ಹಗಲುದರೋಡೆ ಎಂದು ಕೊಳ್ಳುವವರು ಸಿಟ್ಟಾಗುತ್ತಾರೆ. ಸಿಟ್ಟಿಗೆ ಕೆಲವೊಮ್ಮೆ ಕಾರಣವಿದೆ, ಆದರೆ ಅವರು ಹಿಡಿದ ಅಳತೆಗೋಲು ಸರಿಯಲ್ಲ. ಸಾಗಣೆಯ ಖರ್ಚನ್ನು ಪುಸ್ತಕದ ಬೆಲೆಯ ಪಕ್ಕದಲ್ಲಿಟ್ಟು ನೋಡುವುದರಿಂದ ನ್ಯಾಯ ಅನ್ಯಾಯ ತೀರ್ಮಾನವಾಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು. ಅಂಚೆಗೆಂದು ಪಡೆದ ಹಣ ಅಂಚೆಗೇ ಹೋಯಿತೆ? ಒಟ್ಟು ಎಷ್ಟು ಕೊಡಬೇಕೆಂಬುದು ಕೊಳ್ಳುವವರಿಗೆ ಮೊದಲೇ ತಿಳಿದಿತ್ತೆ?

ಕನ್ನಡದ ಬಹಳಷ್ಟು ಕಾದಂಬರಿ, ಕಥಾಸಂಕಲನ, ವಿಮರ್ಶಾ ಗ್ರಂಥಗಳು 1/8 ಡೆಮಿ ಆಕಾರದಲ್ಲಿ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದದ ಮೇಲೆ ಅಚ್ಚಾಗಿರುತ್ತವೆ. ಈ ಅಳತೆಯ ಒಂದು ಹಾಳೆ ಸುಮಾರು 2.1 ಗ್ರಾಂ ತೂಗುತ್ತದೆ. 200 ಪುಟವೆಂದರೆ 100 ಹಾಳೆ, 210 ಗ್ರಾಂ. ರಕ್ಷಾಪುಟ, ಅಂಟು ಸೇರಿ 230ರ ಆಸುಪಾಸು. 700 ಪುಟದ ಕಾದಂಬರಿ ಮುಕ್ಕಾಲು ಕಿಲೊ ಮುಟ್ಟುತ್ತದೆ. ಹೊಸದಿದ್ದಾಗ 300 ರೂಪಾಯಿಗೆ ಬಂದ ಪುಸ್ತಕ ಹತ್ತು ವರ್ಷದ ಮೇಲೆ 80 ರೂಪಾಯಿಗೆ ಕೈ ಬದಲಾಯಿಸಿದರೂ ತೂಕದಲ್ಲಿ ಏನೂ ಕಡಿಮೆಯಾಗಿರುವುದಿಲ್ಲ. ಹಳೆಯ ಪುಸ್ತಕ ಅಗ್ಗವಾದಷ್ಟೂ ಅಂಚೆಯ ಪಾಲು ದೊಡ್ಡದಾಗಿ ಕಾಣುವುದು ಇದರಿಂದಲೇ ಹೊರತು ಯಾರೋ ದೋಚಿದ್ದರಿಂದಲ್ಲ.

ಅಂಚೆ ಇಲಾಖೆ 2025ರ ಮೇ 1ರಂದು ಆರಂಭಿಸಿದ ಜ್ಞಾನ ಪೋಸ್ಟ್ ಸೇವೆಯ ದರ 300 ಗ್ರಾಂವರೆಗೆ 20 ರೂಪಾಯಿ, 500 ಗ್ರಾಂವರೆಗೆ 25, ಒಂದು ಕಿಲೊವರೆಗೆ 35, ಐದು ಕಿಲೊವರೆಗೆ 100 ಎಂದು ನಿಗದಿಯಾಯಿತು, ತೆರಿಗೆ ಬೇರೆ. ಹೀಗೆ ಹಂತಹಂತವಾಗಿ ಏರುವ ದರದಲ್ಲಿ ಪ್ಯಾಕಿಂಗಿನ ತೂಕಕ್ಕೂ ಬೆಲೆಯಿದೆ. ಪುಸ್ತಕವನ್ನು ಜೋಪಾನವಾಗಿ ಕಳಿಸುವವರು ಮೊದಲು ಪ್ಲಾಸ್ಟಿಕ್ ಹಾಳೆ ಸುತ್ತುತ್ತಾರೆ, ಮಳೆಗಾಲವಾದರೆ ಎರಡು ಸುತ್ತು. ಆಮೇಲೆ ಹಳೆಯ ಪೆಟ್ಟಿಗೆಯಿಂದ ಕತ್ತರಿಸಿದ ರಟ್ಟಿನ ತುಂಡುಗಳನ್ನು ಮೇಲೊಂದು ಕೆಳಗೊಂದು ಇಡುತ್ತಾರೆ. ರಟ್ಟು ಪುಸ್ತಕಕ್ಕಿಂತ ಅರ್ಧ ಬೆರಳು ಅಗಲವಿರಬೇಕು, ಇಲ್ಲದಿದ್ದರೆ ಚೀಲದಿಂದ ಚೀಲಕ್ಕೆ ಬೀಳುವಾಗ ಮೂಲೆ ಮಡಚಿಕೊಳ್ಳುತ್ತದೆ. ಅದರ ಮೇಲೆ ಕಂದು ಕಾಗದ, ಅಡ್ಡಕ್ಕೂ ಉದ್ದಕ್ಕೂ ಟೇಪು. ಇಷ್ಟಕ್ಕೆ 50ರಿಂದ 70 ಗ್ರಾಂ ಸೇರುತ್ತದೆ. ಕೌಂಟರಿನ ತೂಕದ ಯಂತ್ರ 312 ಎಂದು ತೋರಿಸಿತೆಂದರೆ ಪೊಟ್ಟಣ ಮುಂದಿನ ಹಂತಕ್ಕೆ ಹೋಯಿತು. ಆ ಹನ್ನೆರಡು ಗ್ರಾಂ ಇಳಿಸಲು ರಟ್ಟನ್ನು ಕಿತ್ತುಹಾಕಿದರೆ ಉಳಿಯುವುದು ಐದು ರೂಪಾಯಿ. ಅಂಚು ಮುಟ್ಟಿದರೆ ಉದುರುವ ಕಾಗದದ 1950ರ ದಶಕದ ಪುಸ್ತಕವಾದರೆ ಅದು ಬೆನ್ನು ಬಿಟ್ಟುಕೊಂಡು ಊರು ತಲುಪುತ್ತದೆ. ಮತ್ತೆ ಅಚ್ಚಾಗದ ಪುಸ್ತಕವನ್ನು ಹಾಗೆ ಹಾಳುಮಾಡುವುದಕ್ಕಿಂತ ಆ ಐದು ರೂಪಾಯಿ ಕೇಳಿ ಪಡೆಯುವುದು ಮೇಲು.

ಅಂಚೆ ವೆಚ್ಚವನ್ನು ಹೋಲಿಸಲೇಬೇಕೆಂದರೆ ಬಸ್ ಛಾರ್ಜಿಗೆ ಹೋಲಿಸಬೇಕು. ಬೆಂಗಳೂರಿನ ಓದುಗ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಿಗೋ ಚರ್ಚ್ ಸ್ಟ್ರೀಟಿಗೋ ಹೋಗಿ ಪುಸ್ತಕ ಕೈಗೆತ್ತಿಕೊಂಡು, ಪುಟ ತಿರುವಿ, ಚೌಕಾಸಿ ಮಾಡಿ ತರಬಲ್ಲ. ಔರಾದಿನಲ್ಲೋ ಕೂಡ್ಲಿಗಿಯಲ್ಲೋ ಇರುವ ಮೇಷ್ಟರಿಗೆ ಅದೇ ಪುಸ್ತಕ ಬೇಕಾದರೆ ಒಂದು ರಾತ್ರಿಯ ಪ್ರಯಾಣ, ಒಂದು ದಿನದ ರಜೆ. ಅವರ ಪಾಲಿಗೆ ನಲವತ್ತು ರೂಪಾಯಿ ಅಂಚೆ ವೆಚ್ಚ ಆ ಪ್ರಯಾಣದ ಬದಲಿಗೆ ಬಂದದ್ದು. ಹಾಗಾಗಿ ಪುಸ್ತಕ ತನ್ನ ಬಾಗಿಲಿಗೆ ಬರಬೇಕೆಂದು ಬಯಸಿದವನೇ ಅದರ ಸಾಗಣೆಯ ಖರ್ಚು ಕೊಡುವುದು ನ್ಯಾಯ. ಹಾಗೆ ಕೊಟ್ಟದ್ದು ನಿಜವಾದ ಖರ್ಚಿಗಿಂತ ಹೆಚ್ಚಾಗಬಾರದು ಎಂಬುದು ಇದಕ್ಕೆ ಅಂಟಿಕೊಂಡೇ ಬರುವ ಮಾತು.

ಸಾಗಣೆಯ ಭಾರ ಒಂದು ಕಾಲದಲ್ಲಿ ಬರೆದವರ ಹೆಗಲ ಮೇಲೇ ಇತ್ತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಆ ಭಾರವನ್ನು ಸಾಮಾನ್ಯರಿಗೂ ಎಟುಕುವಂತೆ ಹಂಚಿದ್ದು ಅಂಚೆ ವ್ಯವಸ್ಥೆ. ಇಂಗ್ಲೆಂಡಿನಲ್ಲಿ ರೋಲೆಂಡ್ ಹಿಲ್ 1837ರಲ್ಲಿ ಅಂಚೆಯ ಲೆಕ್ಕಪತ್ರಗಳನ್ನು ಬಿಡಿಸಿ ನೋಡಿ, ಪತ್ರವನ್ನು ದೂರಕ್ಕೆ ಒಯ್ಯುವ ಖರ್ಚು ಬಹಳ ಅಲ್ಪ, ಹೆಚ್ಚಿನದೆಲ್ಲ ಅದನ್ನು ಪಡೆದು, ವಿಂಗಡಿಸಿ, ಹಂಚುವುದಕ್ಕೆ ತಗಲುತ್ತದೆ ಎಂದು ತೋರಿಸಿದ. 1840ರಲ್ಲಿ ಅಲ್ಲಿ ದೂರ ಲೆಕ್ಕಿಸದ ಒಂದೇ ದರ ಬಂತು. 1854ರಲ್ಲಿ ಭಾರತಕ್ಕೂ ಬಂತು. ಬೀದರಿನ ಓದುಗನೂ ಮೈಸೂರಿನ ಓದುಗನೂ ಬೆಂಗಳೂರಿನಿಂದ ಪುಸ್ತಕ ತರಿಸಲು ಒಂದೇ ದರ ಕೊಡುವುದು ಆ ತತ್ತ್ವದಿಂದಲೇ. ಖಾಸಗಿ ಕೊರಿಯರ್ ಸಾಮಾನ್ಯವಾಗಿ ದೂರಕ್ಕೆ ತಕ್ಕಂತೆ ದರ ಏರಿಸುತ್ತದೆ, ಎಷ್ಟೋ ಹಳ್ಳಿಗಳ ಪಿನ್‌ಕೋಡಿಗೆ ಬರುವುದೇ ಇಲ್ಲ. ಅಂಚೆ ಇಲಾಖೆಗೆ ದೇಶದಲ್ಲಿ 1 ಲಕ್ಷ 64 ಸಾವಿರಕ್ಕೂ ಹೆಚ್ಚು ಕಚೇರಿಗಳಿವೆ, ಹತ್ತರಲ್ಲಿ ಒಂಬತ್ತರಷ್ಟು ಹಳ್ಳಿಗಳಲ್ಲೇ ಇವೆ.

ಅಂಚೆ ವೆಚ್ಚವೇ ಲಾಭದ ದಾರಿಯಾದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಹಳೆಯ ಪುಸ್ತಕದ ವ್ಯಾಪಾರ ತೋರಿಸಿಕೊಟ್ಟಿದೆ. ಅಲ್ಲಿ 1938ರಿಂದ ಪುಸ್ತಕಗಳಿಗೆಂದೇ ಅಗ್ಗದ ಅಂಚೆ ದರವಿದೆ. ಅಮೆಜಾನ್ ತನ್ನ ಮಾರಾಟಗಾರರ ಪುಸ್ತಕಗಳಿಗೆ ಒಂದೇ ಸಾಗಣೆ ಶುಲ್ಕ ನಿಗದಿಪಡಿಸಿತು, ಬಹುಕಾಲ ಅದು 3.99 ಡಾಲರ್. ಸಗಟಾಗಿ ಹಳೆಯ ಪುಸ್ತಕ ಎತ್ತುವವರು ಇದರಲ್ಲಿ ದಾರಿ ಕಂಡರು: ಪುಸ್ತಕಕ್ಕೆ ಒಂದು ಸೆಂಟ್ ಬೆಲೆಯಿಟ್ಟು, ಸಾಗಣೆಯ ಹಣದಲ್ಲಿ ಅಂಚೆಗೂ ಕಮಿಷನ್ನಿಗೂ ಹೋಗಿ ಉಳಿದದ್ದನ್ನೇ ಲಾಭ ಮಾಡಿಕೊಂಡರು. ಹುಡುಕಿದವರ ಕಣ್ಣಿಗೆ ಮೊದಲು ಬೀಳುವುದು ಒಂದು ಸೆಂಟಿನ ಪುಸ್ತಕ. ಮೂರು ಡಾಲರ್ ಎಂದು ಬರೆದು ಅಂಚೆಯ ನಿಜವಾದ ಖರ್ಚನ್ನಷ್ಟೇ ಪಡೆಯಲು ಸಿದ್ಧನಿದ್ದ ಸಣ್ಣ ಅಂಗಡಿಯವನು ಪಟ್ಟಿಯ ಕೆಳಗೆಲ್ಲೋ ಉಳಿದ. ಕೊಳ್ಳುವವರು ಎರಡನ್ನೂ ಕೂಡಿಸಿ ನೋಡುತ್ತಾರೆ, ಆದ್ದರಿಂದ ಯಾವುದನ್ನು ಎಲ್ಲಿ ಬರೆದರೂ ವ್ಯತ್ಯಾಸವಿಲ್ಲ ಎಂದು ಅರ್ಥಶಾಸ್ತ್ರದ ಪಾಠ ಹೇಳಬಹುದು. ತಂಜಿಮ್ ಹುಸೇನ್ ಮತ್ತು ಜಾನ್ ಮಾರ್ಗನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದನ್ನು ಇಬೇ ಹರಾಜಿನಲ್ಲೇ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಬಗೆಯ ಸಿ.ಡಿ.ಗಳನ್ನೂ ವಿಡಿಯೊ ಗೇಮ್‌ಗಳನ್ನೂ ಎರಡು ರೀತಿ ಹರಾಜಿಗಿಟ್ಟರು: ಕಡಿಮೆ ಆರಂಭಿಕ ಬೆಲೆಗೆ ಹೆಚ್ಚು ಸಾಗಣೆ ಶುಲ್ಕ, ಹೆಚ್ಚು ಆರಂಭಿಕ ಬೆಲೆಗೆ ಕಡಿಮೆ ಶುಲ್ಕ. ಒಟ್ಟು ಮೊತ್ತ ಸಮನಿದ್ದರೂ ಸಾಮಾನ್ಯವಾಗಿ ಮೊದಲನೆಯದಕ್ಕೇ ಹೆಚ್ಚು ಜನ ಬಂದರು, ಹೆಚ್ಚು ಹಣವೂ ಬಂತು. ಜನ ಸಾಗಣೆಯ ಮೊತ್ತವನ್ನು ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಅಂದಮೇಲೆ ಲಾಭವನ್ನು ಅಂಚೆ ವೆಚ್ಚದೊಳಗೆ ಸೇರಿಸಿಡುವುದು ಕೊಳ್ಳುವವರ ಆ ಮರೆವಿನಿಂದ ದುಡಿಯುವುದೇ ಆಗುತ್ತದೆ. ಪುಸ್ತಕ ಮಾರುವವರು ಈ ಕೆಲಸ ಮಾಡಬಾರದು.

ಮಾರುವವರ ಕಡೆಯ ವಾದಕ್ಕೂ ತೂಕವಿದೆ. ಪುಸ್ತಕ ಒರೆಸಿ, ಫೋಟೊ ತೆಗೆದು, ಹತ್ತು ಜನರ ಪ್ರಶ್ನೆಗಳಿಗೆ ಉತ್ತರಿಸಿ, ಪೊಟ್ಟಣ ಕಟ್ಟಿ, ಅಂಚೆ ಕಚೇರಿಯಲ್ಲಿ ಮುಕ್ಕಾಲು ಗಂಟೆ ಸರದಿಯಲ್ಲಿ ನಿಂತು, ಟ್ರ್ಯಾಕಿಂಗ್ ನಂಬರ್ ಕಳಿಸುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. 60 ರೂಪಾಯಿಯ ಪುಸ್ತಕಕ್ಕೆ ಇಷ್ಟು ದುಡಿದವರಿಗೆ ಏನೂ ಉಳಿಯಬಾರದೆ? ಖಂಡಿತ ಉಳಿಯಬೇಕು. ಅದು ಪುಸ್ತಕದ ಬೆಲೆಯಲ್ಲಿ ಕಾಣಿಸಬೇಕು, ಅಥವಾ ಪ್ಯಾಕಿಂಗ್ ಖರ್ಚು ಹತ್ತು ರೂಪಾಯಿ ಎಂದು ತೆರೆದು ಬರೆಯಬೇಕು. 60 ರೂಪಾಯಿಗೆ ಕೊಡಲಾಗದ ಪುಸ್ತಕಕ್ಕೆ 90 ಎಂದು ಹೇಳುವುದರಲ್ಲಿ ಅವಮಾನವೇನೂ ಇಲ್ಲ. ಅಂಚೆ ಎಂಬ ಹೆಸರಿನಲ್ಲಿ ಪಡೆದದ್ದು ಮಾತ್ರ ಅಂಚೆಯ ರಸೀದಿಗೆ ತಾಳೆಯಾಗಬೇಕು.

ಅಂಚೆ ವೆಚ್ಚ ಉಚಿತ ಎಂಬ ಪ್ರಕಟಣೆ ಈಗಿನ ಫ್ಯಾಶನ್. ಕೊಳ್ಳುವವರಿಗೆ ಒಂದೇ ಮೊತ್ತ ಕಾಣುತ್ತದೆ, ಕೂಡಿಸುವ ಗೋಜಿಲ್ಲ ಎಂಬ ಅನುಕೂಲ ನಿಜ, ಅದನ್ನು ಒಪ್ಪಬೇಕು. ಆದರೆ ಅಂಚೆಯವರು ಯಾರ ಪೊಟ್ಟಣವನ್ನೂ ಬಿಟ್ಟಿ ಒಯ್ಯುವುದಿಲ್ಲವಾದ್ದರಿಂದ ಆ ಖರ್ಚು ಬೆಲೆಯೊಳಗೆ ಕೂತಿರುತ್ತದೆ. ಅದೇ ಊರಿನಲ್ಲಿದ್ದು ಮನೆಗೇ ಬಂದು ಒಯ್ಯುವವರೂ, ಐದು ಪುಸ್ತಕ ಒಟ್ಟಿಗೆ ಕೊಳ್ಳುವವರೂ ಆಗದ ಸಾಗಣೆಗೆ ಹಣ ತೆರುತ್ತಾರೆ. 500 ರೂಪಾಯಿ ಮೇಲ್ಪಟ್ಟರೆ ಉಚಿತ ಎಂಬ ಷರತ್ತಿನ ಭಾರ ಒಂದೇ ಒಂದು ಪುಸ್ತಕ ಬೇಕಾದ ವಿದ್ಯಾರ್ಥಿಯ ಮೇಲೆ ಬೀಳುತ್ತದೆ.

ಅತ್ಯಂತ ಸ್ಪಷ್ಟವಾದ ಅನ್ಯಾಯ ನಡೆಯುವುದು ಹಲವು ಪುಸ್ತಕ ಒಟ್ಟಿಗೆ ಕೊಂಡಾಗ. 230 ಗ್ರಾಮಿನ ಮೂರು ಪುಸ್ತಕಗಳನ್ನು ಬೇರೆ ಬೇರೆ ಕಳಿಸಿದರೆ ಮೇಲಿನ ದರದಲ್ಲಿ 60 ರೂಪಾಯಿ. ಒಂದೇ ಪೊಟ್ಟಣದಲ್ಲಿ ಕಟ್ಟಿದರೆ 800 ಗ್ರಾಮಿನೊಳಗೆ ಮುಗಿದು 35 ರೂಪಾಯಿ. ಪುಸ್ತಕವೊಂದಕ್ಕೆ 60 ರೂಪಾಯಿಯಂತೆ ಮೂರಕ್ಕೂ 180 ವಸೂಲಿ ಮಾಡಿ ಒಂದೇ ಪೊಟ್ಟಣದಲ್ಲಿ ಕಳಿಸುವ ಮಾರಾಟಗಾರರಿದ್ದಾರೆ. ಇದಕ್ಕೆ ಯಾವ ಸಮರ್ಥನೆಯೂ ನಿಲ್ಲುವುದಿಲ್ಲ. ಉಳಿದ ಹಣ ಕೊಳ್ಳುವವರದು, ಅದನ್ನು ಯುಪಿಐ ಮೂಲಕ ಹಿಂದಿರುಗಿಸಲು ಅರ್ಧ ನಿಮಿಷ ಸಾಕು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ಗ್ರಾಹಕ ರಕ್ಷಣೆಯ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ಒಟ್ಟು ಬೆಲೆಯನ್ನು ಒಂದೇ ಮೊತ್ತದಲ್ಲಿ ತೋರಿಸಬೇಕು. ಅದರೊಳಗೆ ಅಂಚೆ, ಸಾಗಣೆ, ತೆರಿಗೆ ಎಷ್ಟೆಷ್ಟು ಎಂಬುದನ್ನೂ ಬಿಡಿಸಿ ಹೇಳಬೇಕು. ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಪಾವತಿಸುವ ಹೊತ್ತಿಗೆ ಒಂದೊಂದೇ ಶುಲ್ಕ ಸೇರಿಸುವುದನ್ನು 2023ರ ನವೆಂಬರಿನ ಮಾರ್ಗಸೂಚಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳ ಪಟ್ಟಿಗೆ ಸೇರಿಸಿತು. ಮನೆಯ ಕಪಾಟು ಖಾಲಿ ಮಾಡಲು ನಾಲ್ಕು ಪುಸ್ತಕ ಮಾರುವವರಿಗೆ ಇ-ಕಾಮರ್ಸ್ ನಿಯಮಗಳು ಅನ್ವಯಿಸುವುದಿಲ್ಲ, ಅನ್ವಯಿಸಬೇಕಾಗಿಯೂ ಇಲ್ಲ. ಆದರೆ ಊರಿನ ಪಿನ್‌ಕೋಡ್ ಕೇಳಿ, ಪುಸ್ತಕ ತೂಗಿ, ಒಟ್ಟು ಇಷ್ಟು ಎಂದು ಹಣ ಪಡೆಯುವ ಮೊದಲೇ ಹೇಳುವುದು ಅವರಿಗೂ ಕಷ್ಟವಲ್ಲ.

ಪುಸ್ತಕ ದಾರಿಯಲ್ಲಿ ಕಳೆದುಹೋದರೆ ನಷ್ಟ ಯಾರದು ಎಂಬುದೂ ಈ ವೆಚ್ಚಕ್ಕೆ ಸೇರಿದ ಪ್ರಶ್ನೆ. 1930ರ ಸರಕು ಮಾರಾಟ ಕಾಯಿದೆಯ 39ನೆಯ ಕಲಮಿನಂತೆ, ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಅದು ಕೊಳ್ಳುವವನಿಗೆ ಒಪ್ಪಿಸಿದಂತೆಯೇ. ಆದರೆ ಸರಕಿನ ಸ್ವರೂಪಕ್ಕೆ ತಕ್ಕ ಏರ್ಪಾಡನ್ನು ಮಾರುವವನು ಮಾಡಿರಬೇಕು, ಮಾಡದಿದ್ದರೆ ಕೊಳ್ಳುವವನು ಆ ಒಪ್ಪಿಸುವಿಕೆಯನ್ನು ನಿರಾಕರಿಸಬಹುದು. ಟ್ರ್ಯಾಕಿಂಗ್‌ಗೆ ಹಣ ಪಡೆದು ಸಾದಾ ಅಂಚೆಗೆ ಹಾಕಿದವರು ನಷ್ಟ ಹೊರಬೇಕು. ಹತ್ತು ರೂಪಾಯಿ ಉಳಿಸಲು ಸಾದಾ ಅಂಚೆಯೇ ಸಾಕೆಂದು ತಿಳಿದೂ ಒಪ್ಪಿದವರು ಮಾರಿದವರನ್ನು ದೂರಬಾರದು. ವಾಪಸಾತಿಗೂ ಇದೇ ನ್ಯಾಯ. 33ರಿಂದ 48ರವರೆಗಿನ ಪುಟಗಳಿಲ್ಲ, ಅಂದರೆ ಒಂದು ಇಡೀ ಫಾರಂ ಬಿಟ್ಟುಹೋಗಿದೆ ಎಂದು ಮನೆಗೆ ಬಂದ ಮೇಲೆ ತಿಳಿದರೆ ಹೋಗುವ ಬರುವ ಎರಡೂ ಖರ್ಚು ಮಾರಿದವರದು. ಮನಸ್ಸು ಬದಲಾಯಿತೆಂದು ಹಿಂದಿರುಗಿಸಿದರೆ ಕೊಂಡವರದು.

ಇಷ್ಟಾದ ಮೇಲೂ ಮಾರುವವರ, ಕೊಳ್ಳುವವರ ಕೈಯಲ್ಲಿರುವುದು ಸ್ವಲ್ಪವೇ. ದರ ನಿಗದಿಯಾಗುವುದು ದೆಹಲಿಯಲ್ಲಿ. 2024ರ ಡಿಸೆಂಬರ್ 18ರಂದು ನೋಂದಾಯಿತ ಬುಕ್‌ಪೋಸ್ಟ್ ಇದ್ದಕ್ಕಿದ್ದಂತೆ ನಿಂತಿತು. ಅದರಲ್ಲಿ ಐದು ಕಿಲೊ ಪುಸ್ತಕವನ್ನು ದೇಶದ ಯಾವ ಮೂಲೆಗಾದರೂ 80 ರೂಪಾಯಿಗೆ ಕಳಿಸಬಹುದಿತ್ತು. ಮಾರನೆಯ ದಿನ ಅದೇ ಪೊಟ್ಟಣಕ್ಕೆ ರಿಜಿಸ್ಟರ್ಡ್ ಪಾರ್ಸೆಲ್ ದರ 229 ರೂಪಾಯಿ. ಸಣ್ಣ ಪ್ರಕಾಶಕರು, ಹಳೆಯ ಪುಸ್ತಕ ಮಾರುವವರು, ದೂರದ ಊರಿನ ಓದುಗರು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಈ ಹೊರೆ ಹೊತ್ತರು. ಜ್ಞಾನ ಪೋಸ್ಟ್ ಆ ಪೆಟ್ಟನ್ನು ಬಹುಮಟ್ಟಿಗೆ ಸರಿಪಡಿಸಿತು, ಟ್ರ್ಯಾಕಿಂಗ್ ಕೂಡ ಅದರಲ್ಲೇ ಸೇರಿದೆ. ಎರಡು ಕೊರತೆ ಉಳಿದಿವೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದನ್ನು ಒಯ್ಯುವ ಕೊರಿಯರಿಗೆ ಶೇಕಡ 18 ಇದೆ, ಜ್ಞಾನ ಪೋಸ್ಟ್ ದರದ ಮೇಲೂ ತೆರಿಗೆ ಬೀಳುತ್ತದೆ. ತೆರಿಗೆಯಿಲ್ಲದ ವಸ್ತುವಿನ ಸಾಗಣೆಗೆ ತೆರಿಗೆ ಹಾಕಿದರೆ ಅದನ್ನು ಕೊಡುವವರು ಅಂಗಡಿಯಿಲ್ಲದ ಊರಿನ ಓದುಗರೇ. ಇನ್ನೊಂದು, ನಿಯತಕಾಲಿಕಗಳಿಗೆ ಈ ದರ ಸಿಗುವುದಿಲ್ಲ. ಚಾಲ್ತಿಯಲ್ಲಿರುವ ಪತ್ರಿಕೆಗಳಿಗೆ ಬೇರೆ ರಿಯಾಯಿತಿ ಇರುವುದರಿಂದ ಈ ನಿಯಮ ಬಂದಿರಬಹುದು. ಐವತ್ತು ವರ್ಷ ಹಿಂದಿನ ‘ಕಸ್ತೂರಿ’ ಸಂಚಿಕೆಗಳ ಕಟ್ಟನ್ನು ಹಾವೇರಿಯಿಂದ ಮಡಿಕೇರಿಯ ಸಂಶೋಧಕರಿಗೆ ಕಳಿಸುವಾಗ ಅದು ಪುಸ್ತಕವಲ್ಲದೆ ಬೇರೇನೂ ಅಲ್ಲ. ಪ್ರಕಟವಾಗಿ ಇಂತಿಷ್ಟು ವರ್ಷ ಕಳೆದ ಸಂಚಿಕೆಗಳನ್ನು ಪುಸ್ತಕದಂತೆಯೇ ಎಣಿಸಬೇಕೆಂದು ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಆ ಕಟ್ಟೂ ಪಾರ್ಸೆಲ್ ದರದಿಂದ ಪಾರಾಗುತ್ತದೆ.