ಉಸಿರಿನ ಅಳತೆಯಲ್ಲಿ ಕಾಯಕ

ಕಾಯಕವನ್ನೇ ಪೂಜೆಯೆಂದು ನಂಬಿ ಬಾಳಿದ ಸಮಾಜದಲ್ಲಿ ಕೈಕಟ್ಟಿ ಕುಳಿತುಕೊಳ್ಳುವುದಕ್ಕಿಂತ ದೊಡ್ಡ ಶಿಕ್ಷೆ ಮತ್ತೊಂದಿಲ್ಲ. ಆದರೂ ನಮ್ಮ ಊರುಗಳ ಅನೇಕ ಮನೆಗಳ ಪಡಸಾಲೆಯಲ್ಲಿ ಈ ಶಿಕ್ಷೆಯನ್ನು ಅನುಭವಿಸುತ್ತಿರುವ ಹಿರಿಯರನ್ನು ನಾವು ಕಾಣುತ್ತೇವೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು; ಮೈಮೇಲೆ ನೀರು ಹಾಕಿಕೊಂಡರೆ ದಮ್ಮು. ಮನೆಯ ಮಕ್ಕಳು ಪ್ರೀತಿಯಿಂದಲೇ ‘ನೀವು ಸುಮ್ನ ಕುಂದರ್ರಿ ಯಜ್ಜ, ನಾವು ಮಾಡ್ತೀವಿ’ ಎನ್ನುತ್ತಾರೆ. ಈ ಪ್ರೀತಿಯು ರೋಗಿಗೆ ಹಿತಕರವಲ್ಲವೆಂಬುದೂ, ಅಳತೆಯರಿತ ಚಟುವಟಿಕೆಯೇ ಅವರಿಗೆ ಔಷಧದಷ್ಟು ಅಗತ್ಯವೆಂಬುದೂ, ಆ ಅಳತೆಯನ್ನು ಅಕ್ಷರ ಕಲಿಸಿದಂತೆ ಕಲಿಸಬೇಕೆಂಬುದೂ ನನ್ನ ಅಭಿಪ್ರಾಯ.

ವೈದ್ಯರು ಸಿ.ಓ.ಪಿ.ಡಿ. ಎಂದು ಕರೆಯುವ ಈ ದೀರ್ಘಕಾಲೀನ ಶ್ವಾಸಕೋಶ ರೋಗವನ್ನು ಜನರು ಅಸ್ತಮಾದೊಡನೆ ಸೇರಿಸಿ ದಮ್ಮು, ಉಬ್ಬಸ, ಗೂರಲು ಎಂದು ಕರೆದುಬಿಡುವರು. 2016ರಲ್ಲಿ ಭಾರತದಲ್ಲಿ ಸುಮಾರು 5.5 ಕೋಟಿ ಜನರಿಗೆ ಈ ವ್ಯಾಧಿಯಿತ್ತೆಂದು 2018ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಬೀಡಿ ಸಿಗರೇಟುಗಳು ಇದರ ಪ್ರಮುಖ ಕಾರಣವೆಂಬುದು ನಿರ್ವಿವಾದ. ಆದರೆ ಬೀಡಿಯನ್ನು ಕೈಯಿಂದಲೂ ಮುಟ್ಟದ ತಾಯಂದಿರು ಇದಕ್ಕೆ ತುತ್ತಾಗಿರುವುದೇಕೆ? ಕಟ್ಟಿಗೆ, ಕುಳ್ಳುಗಳ ಹೊಗೆಯಿಂದ. ಮೈಸೂರು ಜಿಲ್ಲೆಯ ಹಳ್ಳಿಗಳ ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ ಬರುವ ಸಂಖ್ಯೆ 60ನ್ನು ಮುಟ್ಟಿದರೆ ಶ್ವಾಸನಾಳಗಳ ದೀರ್ಘಕಾಲೀನ ಉರಿಯೂತದ ಸಂಭವ ಹೆಚ್ಚುವುದೆಂದು ತೋರಿಸಿತು. ದಿನಕ್ಕೆ 4 ಗಂಟೆಯಂತೆ 15 ವರ್ಷ ಅಡಿಗೆ ಮಾಡಿದರೆ ಸಾಕು, ಸಂಖ್ಯೆ 60 ಆಯಿತು. ನಮ್ಮ ವಿದ್ಯಾರ್ಥಿಗಳು ಈ ಗುಣಾಕಾರವನ್ನು ತಮ್ಮ ಅಜ್ಜಿಯ ವಿಷಯದಲ್ಲಿ ಮಾಡಿನೋಡಲಿ.

ರೋಗಿಗೆ ಗಾಳಿ ಒಳಗೆ ಹೋಗುತ್ತಿಲ್ಲವೆಂದು ಭಾಸವಾಗುತ್ತದೆ. ವಸ್ತುಸ್ಥಿತಿಯು ಬೇರೆ, ಹಳೆಯ ಗಾಳಿ ಹೊರಬರುತ್ತಿಲ್ಲ. ಕಿರಿದಾದ ಶ್ವಾಸನಾಳಗಳು ಉಸಿರು ಬಿಡುವಾಗ ಮತ್ತಷ್ಟು ಕುಗ್ಗುವುದರಿಂದ ಗಾಳಿಯು ಒಳಗೇ ಸಿಕ್ಕಿಕೊಳ್ಳುತ್ತದೆ. ಅವಸರದಿಂದ ನಡೆದಾಗ ಹಿಂದಿನ ಉಸಿರು ಪೂರ್ತಿಯಾಗಿ ಹೊರಬರುವ ಮೊದಲೇ ಮುಂದಿನದು ಒಳಗೆ ಬರುವುದು. ತುಂಬಿದ ಕೊಡಕ್ಕೆ ಮೇಲಿಂದ ಮೇಲೆ ನೀರು ಸುರಿದಂತೆ! ಕೊಡ ಬರಿದಾಗದೆ ಹೊಸ ನೀರಿಗೆ ಎಡೆಯೆಲ್ಲಿ? ಆದುದರಿಂದ ಈ ರೋಗಿಯು ಕಲಿಯಬೇಕಾದ ಮೊದಲ ಪಾಠ ಉಸಿರನ್ನು ಎಳೆದುಕೊಳ್ಳುವುದಲ್ಲ, ಸಾವಕಾಶವಾಗಿ ಬಿಡುವುದು.

ಅದರ ಕ್ರಮವು ಸರಳ. ಹೆಗಲನ್ನು ಸಡಿಲಬಿಟ್ಟು, ಮೂಗಿನಿಂದ ಎರಡು ಎಣಿಸುವಷ್ಟು ಕಾಲ ಉಸಿರನ್ನು ತೆಗೆದುಕೊಂಡು, ಬಿಸಿ ಹಾಲನ್ನು ಊದುವಂತೆ ತುಟಿಗಳನ್ನು ಕಿರಿದುಮಾಡಿ ನಾಲ್ಕು ಎಣಿಸುವಷ್ಟು ಕಾಲ ಮೆಲ್ಲನೆ ಬಿಡುವುದು. ಎದುರಿನ ದೀಪದ ಕುಡಿ ಬಾಗಬೇಕು, ಆರಬಾರದು, ಅಷ್ಟೇ ಬಲ. ಕಿರಿದಾದ ತುಟಿಗಳ ತಡೆಯಿಂದ ಒಳಗಿನ ನಾಳಗಳಲ್ಲಿ ಒತ್ತಡವು ಉಳಿದು ಅವು ಬೇಗನೆ ಮುಚ್ಚಿಕೊಳ್ಳುವುದಿಲ್ಲ. ಏದುಸಿರು ಮಿತಿಮೀರಿದಾಗ ಮುಂದಕ್ಕೆ ಬಾಗಿ, ಮೊಳಕೈಗಳನ್ನು ತೊಡೆಯ ಮೇಲೋ ಮೇಜಿನ ಮೇಲೋ ಊರಿ ಇದನ್ನೇ ಮಾಡಿದರೆ ಉಪಶಮನವಾಗುವುದು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಲೇಬೇಕು. ‘ಪ್ರಾಣಾಯಾಮ ಮಾಡಿದರೆ ಎಲ್ಲವೂ ನೆಟ್ಟಗಾಗುತ್ತದೆ’ ಎಂದು ಉಪದೇಶಿಸುವವರು ಊರಿಗೆ ಹತ್ತು ಜನರಿದ್ದಾರೆ. ಪ್ರಾಣಾಯಾಮವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಉಸಿರನ್ನು ಬಿಗಿಹಿಡಿಯುವ ಕುಂಭಕವೂ, ರಭಸದಿಂದ ಊದುವ ಭಸ್ತ್ರಿಕಾ, ಕಪಾಲಭಾತಿಗಳೂ ಗಾಳಿ ಸಿಕ್ಕಿಕೊಂಡಿರುವ ಎದೆಗೆ ತಕ್ಕವಲ್ಲ. ಆರೋಗ್ಯವಂತನ ಸಾಧನೆಯನ್ನು ವೈದ್ಯರ ಸಲಹೆಯಿಲ್ಲದೆ ರೋಗಿಗೆ ಹೊರಿಸುವುದು ಅವಿವೇಕವೇ ಸರಿ.

ಇನ್ನು ಕೆಲಸದ ಅಳತೆ. ಒಂದು ದಿನ ಎದೆ ಹಗುರವೆನಿಸಿದರೆ ಅಂದೇ ಹಿತ್ತಿಲು ಗುಡಿಸಿ, ಸಂತೆಗೆ ಹೋಗಿ, ಕಾಳು ಹಸನುಮಾಡಿ, ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುವುದು ಈ ರೋಗಿಗಳಲ್ಲಿ ಸಾಮಾನ್ಯ. ಕೆಲಸವನ್ನು ದಿನಗಳಲ್ಲಿ ಹಂಚಿಕೊಂಡು, ಮಾತೇ ಹೊರಡದಷ್ಟು ದಮ್ಮು ಬಂದ ಮೇಲಲ್ಲ, ಬರುವ ಮೊದಲೇ ನಿಲ್ಲುವುದನ್ನು ಕಲಿಯಬೇಕು. ಸ್ವಲ್ಪ ಉಸಿರು ಹೆಚ್ಚುವುದರಿಂದ ಕೇಡಿಲ್ಲ. ಬಹಳ ಜನಕ್ಕೆ ಹೊಳೆಯದ ಸಂಗತಿಯೆಂದರೆ, ನಡಿಗೆಗಿಂತ ಕೈಯೆತ್ತಿ ಮಾಡುವ ಕೆಲಸವು ಹೆಚ್ಚು ದಣಿಸುತ್ತದೆ. ಉಸಿರಾಟಕ್ಕೆ ನೆರವಾಗುತ್ತಿದ್ದ ಹೆಗಲು, ಎದೆಗಳ ಸ್ನಾಯುಗಳು ಆಗ ಕೈಗಳನ್ನು ಹೊರುವುದರಲ್ಲಿ ತೊಡಗುತ್ತವೆ. ರುಮಾಲು ಸುತ್ತುವುದು, ತಲೆ ಬಾಚುವುದು, ತಲೆಯ ಮೇಲೆ ನೀರು ಸುರಿದುಕೊಳ್ಳುವುದು ಇವರಿಗೆ ಬೆಟ್ಟವೇರಿದಂತಾಗುವುದು ಇದೇ ಕಾರಣದಿಂದ. ಬಚ್ಚಲಲ್ಲಿ ಎತ್ತರದ ಸ್ಟೂಲಿನ ಮೇಲೆ ಕುಳಿತು ಸಣ್ಣ ತಂಬಿಗೆಯಿಂದ ಮೀಯಬಹುದು. ಸ್ನಾನವಾದೊಡನೆ ಪೂಜೆಗೆ ಧಾವಿಸದೆ ಹತ್ತು ನಿಮಿಷ ವಿರಮಿಸಬಹುದು. ನೆಲದ ಮೇಲೆ ಕುಳಿತು ಬಾಗುವುದು ಕಷ್ಟವಾದರೆ ಕುರ್ಚಿಯ ಮೇಲೆ ಕುಳಿತು ಮಾಡಿದ ಇಷ್ಟಲಿಂಗ ಪೂಜೆಗೆ ಯಾವ ಊನವೂ ಇಲ್ಲವೆಂದೇ ನನ್ನ ನಂಬಿಕೆ. ರೊಟ್ಟಿ ಬಡಿಯುವ ತಾಯಿ ಹತ್ತು ರೊಟ್ಟಿಯನ್ನು ಒಂದೇ ಉಸುರಿಗೆ ಮುಗಿಸಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಭಾರವೆತ್ತುವಾಗ ಉಸಿರು ಕಟ್ಟದೆ, ಎತ್ತುವ ಕ್ಷಣದಲ್ಲಿ ಬಿಡಬೇಕು. ಮೆಟ್ಟಿಲೇರುವಾಗ ನಿಂತು ತೆಗೆದುಕೊಂಡು, ಬಿಡುತ್ತ ಒಂದೆರಡು ಮೆಟ್ಟಿಲೇರಿ, ಮತ್ತೆ ನಿಲ್ಲಬೇಕು.

ಹೀಗೆ ನಿಂತು ನಿಂತು ನಡೆಯುವವನನ್ನು ಕಂಡು ‘ಮೈಗಳ್ಳ’ ಎನ್ನುವವರು ನಮ್ಮಲ್ಲಿಲ್ಲದಿಲ್ಲ. ಆ ಮಾತಿಗಂಜಿ ಆತನು ಅವಸರಪಡುವನು, ಇಲ್ಲವೇ ಹೊರಗೆ ಬರುವುದನ್ನೇ ಬಿಡುವನು. ಹೊರಗೆ ಬಾರದ ಕಾಲುಗಳ ಸ್ನಾಯುಗಳು ಸೊರಗುತ್ತವೆ, ಸೊರಗಿದ ಸ್ನಾಯುಗಳಿಗೆ ಅದೇ ಕೆಲಸಕ್ಕೆ ಹೆಚ್ಚಿನ ಉಸಿರು ಬೇಕು, ದಮ್ಮು ಇಮ್ಮಡಿಯಾಗುತ್ತದೆ. ವೈದ್ಯಶಾಸ್ತ್ರವೂ ಬಹುಕಾಲ ಇಂಥ ರೋಗಿಗಳಿಗೆ ವಿಶ್ರಾಂತಿಯನ್ನೇ ವಿಧಿಸುತ್ತಿತ್ತು. 1952ರಲ್ಲಿ ಅಮೆರಿಕದ ವೈದ್ಯ ಆಲ್ವನ್ ಬ್ಯಾರಕ್ ಇವರಿಗೆ ವ್ಯಾಯಾಮ ಬೇಕೆಂದು ಬರೆದರು. 1960ರ ದಶಕದಲ್ಲಿ ಡೆನ್ವರ್ ನಗರದಲ್ಲಿ ಥಾಮಸ್ ಪೆಟ್ಟಿ ಮತ್ತು ಅವರ ಸಂಗಡಿಗರು ಉಸಿರಾಟದ ಶಿಕ್ಷಣ, ನಡಿಗೆ, ಔಷಧಗಳನ್ನು ಒಂದುಗೂಡಿಸಿದ ಕ್ರಮವನ್ನು ರೂಪಿಸಿದರು. 65 ಪ್ರಯೋಗಗಳನ್ನೂ 3,822 ರೋಗಿಗಳನ್ನೂ ಒಳಗೊಂಡ 2015ರ ಕಾಕ್ರೇನ್ ವಿಮರ್ಶೆಯು, ಇಂಥ ಶಿಕ್ಷಣದಿಂದ ದಮ್ಮು ಮತ್ತು ಆಯಾಸ ತಗ್ಗಿ ನಡೆಯುವ ಶಕ್ತಿ ಹೆಚ್ಚುವುದೆಂದು ನಿರ್ಣಯಿಸಿತು. ಕೆಟ್ಟ ಶ್ವಾಸಕೋಶವು ಇದರಿಂದ ಸರಿಹೋಗುವುದಿಲ್ಲ; ಉಳಿದ ಶಕ್ತಿಯಲ್ಲಿ ಹೆಚ್ಚು ಬಾಳುವುದು ಸಾಧ್ಯವಾಗುತ್ತದೆ. ಬೀಡಿಯನ್ನು ಬಿಡದವನಿಗೆ, ‘ಪಂಪು ಹಿಡಿದರೆ ಚಟವಾಗುತ್ತದೆ’ ಎಂದು ಇನ್ಹೇಲರನ್ನು ಪೆಟ್ಟಿಗೆಯಲ್ಲಿಟ್ಟವನಿಗೆ ಈ ಅಭ್ಯಾಸವೊಂದೇ ಏನು ಮಾಡೀತು? ತುಟಿ ನೀಲಿಗಟ್ಟಿದಾಗ, ಕಫದ ಬಣ್ಣ ಬದಲಾದಾಗ, ಮಂಪರು ಕವಿದಾಗ ವೈದ್ಯರಲ್ಲಿಗೆ ಹೋಗಲೇಬೇಕು.

ದುರ್ದೈವದಿಂದ ಈ ಶಿಕ್ಷಣವು ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಹಳ್ಳಿಯ ರೋಗಿಯು ವಾರಕ್ಕೆರಡು ಬಾರಿ ಬಸ್ಸು ಹತ್ತಿ ಅಲ್ಲಿಗೆ ಹೋಗುವುದೆಂತು? ಈ ಕಾರಣದಿಂದಲೇ ನಾನು ಶಾಲೆಯತ್ತ ನೋಡುತ್ತೇನೆ. ವೈದ್ಯರೊಬ್ಬರಿಂದ ತರಬೇತಿ ಪಡೆದ ವ್ಯಾಯಾಮ ಶಿಕ್ಷಕರು ಒಂಬತ್ತನೆಯ ತರಗತಿಯ ಮಕ್ಕಳಿಗೆ ಎರಡು ತಾಸಿನಲ್ಲಿ ಇದನ್ನು ಕಲಿಸಬಲ್ಲರು. ಆ ಮಕ್ಕಳು ಸಂಜೆ ಅಜ್ಜನೊಡನೆ ಎಣಿಸುತ್ತ ಬೀದಿಯ ತುದಿಯವರೆಗೆ ನಡೆಯಲಿ. ಮರುವಾರ ಒಂದು ಮನೆ ಮುಂದಕ್ಕೆ ಹೋಗಲಿ. ಶ್ರೀಮಠದ ಮೆಟ್ಟಿಲುಗಳ ನಡುವೆ ಹಿಡಿದೇರಲು ಒಂದು ಕಂಬಿಯನ್ನೂ, ಕುಳಿತು ದಣಿವಾರಿಸಿಕೊಳ್ಳಲು ಒಂದು ಕಲ್ಲುಬೆಂಚನ್ನೂ ಹಾಕಿಸುವುದು ದೊಡ್ಡ ವೆಚ್ಚದ ಮಾತಲ್ಲ. ಜಾತ್ರೆಯ ದಾಸೋಹದಲ್ಲಿ ಒಲೆಯ ಹೊಗೆ ಬಾರದ ಗಾಳಿಗೆ ಕುಳಿತು ಕಾಯಿಪಲ್ಯ ಹೆಚ್ಚುವ ಸೇವೆಯನ್ನು ಇಂಥ ಹಿರಿಯರಿಗೆಂದೇ ಕಾದಿರಿಸಬಹುದು.